ಸಾರಿಗೆ ಯೋಜನೆಯ ಸರ್ಕಾರಿ ಕೆಲಸಕ್ಕೆ ಯುಪಿಎಸ್‌ಸಿಯಲ್ಲಿ ಯಾವ ಐಚ್ಛಿಕ ವಿಷಯ ತಗೊಳ್ಳಬೇಕು?

ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದೀರಿ, ನಗರದ ಬಸ್ಸು, ರಸ್ತೆ, ಮೆಟ್ರೊ ಯೋಜಿಸುವ ಸರ್ಕಾರಿ ಕೆಲಸ ಬೇಕು, ಅದಕ್ಕೆ ಭೂಗೋಳ ಸರಿಯೋ ಸಿವಿಲ್ ಸರಿಯೋ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಇಟ್ಟುಕೊಂಡು ನಾನು ದಾವಣಗೆರೆಯಿಂದ ಬೆಂಗಳೂರಿಗೆ ಬಂದಿದ್ದೆ. ಕೋಚಿಂಗ್ ಸೆಂಟರಿನವರು ಭೂಗೋಳ ಅಂದರು. ಎರಡನೇ ಪತ್ರಿಕೆಯಲ್ಲಿ ಸಾರಿಗೆ, ಸಂಪರ್ಕ, ವ್ಯಾಪಾರ ಅಂತ ಒಂದು ಭಾಗವೇ ಇದೆ, ಜೊತೆಗೆ ನಗರ ಬೆಳವಣಿಗೆ, ಪ್ರಾದೇಶಿಕ ಯೋಜನೆ ಇದೆ, ನಿಮಗೆ ಹೇಳಿ ಮಾಡಿಸಿದ ವಿಷಯ ಅಂತ ಒಪ್ಪಿಸಿದರು. ನಾನೂ ನಂಬಿದೆ.

ಆ ನಂಬಿಕೆಯೇ ನನ್ನ ಒಳ್ಳೆಯ ವರ್ಷಗಳನ್ನು ತಿಂದದ್ದು. ಐಚ್ಛಿಕ ವಿಷಯಕ್ಕೂ ಮುಂದೆ ಸಿಗುವ ಕೆಲಸಕ್ಕೂ ಸಂಬಂಧವಿಲ್ಲ. ಯುಪಿಎಸ್‌ಸಿಯ ಸಿವಿಲ್ ಸರ್ವಿಸಸ್ ಮುಖ್ಯ ಪರೀಕ್ಷೆಯ ಲಿಖಿತ ಭಾಗ 1750 ಅಂಕ, ಅದರಲ್ಲಿ ಐಚ್ಛಿಕ ವಿಷಯದ ಎರಡು ಪತ್ರಿಕೆಗೆ ಒಟ್ಟು 500. ಸಂದರ್ಶನದ 275 ಸೇರಿದರೆ 2025. ಈ ಮೊತ್ತದ ಮೇಲೆ ರ‍್ಯಾಂಕು; ರ‍್ಯಾಂಕು, ಮೀಸಲಾತಿ ಮತ್ತು ನೀವು ಕೊಟ್ಟ ಆದ್ಯತೆಯ ಮೇಲೆ ಸೇವೆ. ನಿಮ್ಮನ್ನು ಎಲ್ಲಿಗೆ ಹಾಕಬೇಕು ಅಂತ ನಿರ್ಧರಿಸುವಾಗ ನೀವು ಭೂಗೋಳ ಓದಿದ್ದಿರೋ ಕನ್ನಡ ಸಾಹಿತ್ಯ ಓದಿದ್ದಿರೋ ಯಾರೂ ನೋಡುವುದಿಲ್ಲ. ಆ ಪರೀಕ್ಷೆಯಿಂದ ತುಂಬುವ ಸೇವೆಗಳ ಪಟ್ಟಿಯಲ್ಲಿ ಸಾರಿಗೆ ಯೋಜನೆ ಅನ್ನುವ ಸೇವೆಯೂ ಇಲ್ಲ. ಹೆಸರಿನಲ್ಲಿ ಹತ್ತಿರ ಕಾಣುವುದು ರೈಲ್ವೆಯ ಟ್ರಾಫಿಕ್ ವಿಭಾಗ. ಅಲ್ಲಿನ ಮುಖ್ಯ ಕೆಲಸ ರೈಲು ಓಡಿಸುವುದು, ಸರಕು ಸಾಗಿಸುವುದು. ಊರಿನ ಬಸ್ ಮಾರ್ಗ ಎಲ್ಲಿ ಹೋಗಬೇಕು ಅನ್ನುವುದು ಅಲ್ಲಿ ತೀರ್ಮಾನ ಆಗುವುದಿಲ್ಲ. ಐಚ್ಛಿಕ ವಿಷಯವನ್ನು ನಾನು ಉದ್ಯೋಗದ ಬಾಗಿಲು ಅಂದುಕೊಂಡಿದ್ದೆ. ಅದು ಬರೀ ಅಂಕದ ವಿಷಯ. ಅಂಕದ ದೃಷ್ಟಿಯಿಂದ ನೋಡಿದ್ದರೂ ನಾಲ್ಕು ವರ್ಷ ಓದಿದ ಸಿವಿಲ್ ಬಿಟ್ಟು ಭೂರೂಪಶಾಸ್ತ್ರವನ್ನು ಮೊದಲಿಂದ ಕಲಿಯುವ ಅಗತ್ಯ ನನಗಿರಲಿಲ್ಲ.

ಇಷ್ಟೇ ಆಗಿದ್ದರೆ ಸರಿಪಡಿಸಿಕೊಳ್ಳಬಹುದಿತ್ತು. ಸಿವಿಲ್ ಸರ್ವಿಸಸ್‌ಗೆ ಸಾಮಾನ್ಯ ವರ್ಗದ ವಯಸ್ಸಿನ ಮಿತಿ 32. ನಾನು ನನ್ನ ಲೆಕ್ಕವನ್ನೆಲ್ಲ ಆ 32ಕ್ಕೆ ಕಟ್ಟಿಬಿಟ್ಟಿದ್ದೆ. ಯುಪಿಎಸ್‌ಸಿಯೇ ಬೇರೆಯಾಗಿ ನಡೆಸುವ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆಯ ಮಿತಿ 30, ಅದೂ ಪರೀಕ್ಷೆಯ ವರ್ಷದ ಜನವರಿ 1ಕ್ಕೆ. ಭೂಗೋಳ ಕೈಕೊಟ್ಟ ಮೇಲೆ ಆ ಕಡೆ ತಿರುಗಿದಾಗ ಅರ್ಜಿ ಹಾಕುವ ವಯಸ್ಸು ದಾಟಿತ್ತು. ಸಾರಿಗೆ ಎಂಜಿನಿಯರಿಂಗ್ ನಿಜವಾಗಿ ಇರುವುದು ಆ ಪರೀಕ್ಷೆಯಲ್ಲಿ. ಸಿವಿಲ್ ವಿಭಾಗದ ಪಠ್ಯದಲ್ಲೇ ಇದೆ. ಕೇಂದ್ರ ಹೆದ್ದಾರಿ ಸಚಿವಾಲಯದ ಸೆಂಟ್ರಲ್ ಎಂಜಿನಿಯರಿಂಗ್ ಸರ್ವಿಸ್‌ಗೆ, ಅಂದರೆ ರಸ್ತೆಗಳ ಸೇವೆಗೆ, ಅಲ್ಲಿಂದಲೇ ತಗೊಳ್ಳುತ್ತಾರೆ. ಎರಡು ಪರೀಕ್ಷೆಗಳ ಅಧಿಸೂಚನೆಯನ್ನು ಪಕ್ಕಪಕ್ಕ ಇಟ್ಟು ಓದಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ನಾನು ಓದಿದ್ದು ಟಾಪರ್‌ಗಳ ಸಂದರ್ಶನಗಳನ್ನು.

ಉಳಿದದ್ದು ಗೇಟ್, ಅಂದರೆ ಎಂಜಿನಿಯರಿಂಗ್, ಪ್ಲಾನಿಂಗ್‌ನಂಥ ವಿಷಯಗಳ ಸ್ನಾತಕೋತ್ತರ ಓದಿಗೆ ಬರೆಯುವ ಪರೀಕ್ಷೆ. ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಬರೆದೆ, ಸಾರಿಗೆ ಯೋಜನೆಯಲ್ಲಿ ಸ್ನಾತಕೋತ್ತರ ಓದಿದೆ. ರಜೆಯಲ್ಲಿ ಊರಿಗೆ ಬಂದು ಪಿ.ಬಿ. ರಸ್ತೆಯ ಒಂದು ಸರ್ಕಲ್‌ನಲ್ಲಿ ವಾಹನ ಎಣಿಕೆಗೆ ನಿಂತೆ. ಹದಿನೈದು ನಿಮಿಷಕ್ಕೊಂದು ಸಾಲು, ವಾಹನಕ್ಕೊಂದು ಕಾಲಂ, ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆಯುವುದು. ಎಣಿಸಿದ್ದನ್ನು ಹಾಗೇ ಕೂಡಿಸುವಂತಿಲ್ಲ, ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 106ರ ಪ್ರಕಾರ ಒಂದು ಬೈಕು 0.5 ಕಾರಿಗೆ ಸಮ, ಆದರೆ ಒಟ್ಟು ಸಂಚಾರದಲ್ಲಿ ಬೈಕುಗಳ ಪಾಲು ಶೇ 10 ಮುಟ್ಟಿದರೆ 0.75. ಬಸ್ಸು 2.2ರಿಂದ 3.7. ಟ್ರೇಲರ್ ಕಟ್ಟಿದ ಟ್ರಾಕ್ಟರ್ 4ರಿಂದ 5. ಮೆಕ್ಕೆಜೋಳ ತುಂಬಿದ ಒಂದು ಟ್ರಾಕ್ಟರ್ ಎಪಿಎಂಸಿ ಕಡೆ ತಿರುಗುವಾಗ ಹಿಂದಿನ ಸಾಲೆಲ್ಲ ಯಾಕೆ ನಿಲ್ಲುತ್ತದೆ ಅನ್ನುವುದು ಆ ಅಂಕಿಯಲ್ಲಿದೆ. ಚಿಕ್ಕಂದಿನಿಂದ ಓಡಾಡಿದ ರಸ್ತೆ ನನಗೆ ಅರ್ಥವಾದದ್ದು ಆವತ್ತು. ನನಗೆ ಬೇಕಿದ್ದ ಕೆಲಸ ಇದು ಅಂತ ಗೊತ್ತಾದದ್ದೂ ಆವತ್ತೇ.

ಈಗ ನಾನು ಗುತ್ತಿಗೆ ಮೇಲೆ ನಗರಗಳ ಸಮಗ್ರ ಸಂಚಾರ ಯೋಜನೆಗಳಿಗೆ ಕೆಲಸ ಮಾಡುತ್ತೇನೆ. ಕೆಲಸ ಇಷ್ಟ. ಕಾಯಂ ನೌಕರಿಯ ಭದ್ರತೆ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಆದ್ದರಿಂದ ಭೂಗೋಳವೋ ಸಿವಿಲ್ಲೋ ಅನ್ನುವ ಪ್ರಶ್ನೆಯನ್ನು ಮೊದಲು ಬಿಡಿ. ನಿಮಗೆ ಯೋಜನೆ ಮಾಡಬೇಕೋ, ಮಾಡಿದ ಯೋಜನೆಗೆ ಸಹಿ ಹಾಕಬೇಕೋ? 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ಮರುವರ್ಷ ಕರ್ನಾಟಕದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಶುರುವಾಯಿತು, ಜನ ಡಲ್ಟ್ ಅನ್ನುವುದು ಅದನ್ನೇ. ಅದರ ಆಯುಕ್ತರ ಕುರ್ಚಿಯಲ್ಲಿ ಐಎಎಸ್ ಅಧಿಕಾರಿ ಕೂರುತ್ತಾರೆ. ಆ ಕುರ್ಚಿ ಬೇಕಿದ್ದರೆ ಐಎಎಸ್‌ಗೆ ಓದಿ, ಅಂಕ ತರುವ ಯಾವ ವಿಷಯವಾದರೂ ತಗೊಳ್ಳಿ. ಆದರೆ ಕೆಲವೇ ವರ್ಷದಲ್ಲಿ ಬೇರೆ ಇಲಾಖೆಗೆ ಹೋಗಲು ಸಿದ್ಧರಿರಬೇಕು.

ಯೋಜನೆಯೇ ಬೇಕಿದ್ದರೆ ಗೇಟ್ ಬರೆಯಿರಿ. ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಪತ್ರಿಕೆಯ ಪಠ್ಯದಲ್ಲಿ ಸಂಚಾರ ಸಮೀಕ್ಷೆ, ಪ್ರಯಾಣ ಬೇಡಿಕೆಯ ಅಂದಾಜು, ಭೂಬಳಕೆಗೂ ಸಾರಿಗೆಗೂ ಇರುವ ನಂಟು ಎಲ್ಲ ಹೆಸರು ಹೇಳಿಯೇ ಇವೆ. ದಿಲ್ಲಿಯ ಎಸ್‌ಪಿಎಯಲ್ಲಿ, ಅಂದರೆ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ, ಸಾರಿಗೆ ಯೋಜನೆಗೇ ಪ್ರತ್ಯೇಕ ಸ್ನಾತಕೋತ್ತರ ಇದೆ. ಜೊತೆಗೆ ಕೆಪಿಎಸ್‌ಸಿಯ ನಗರ ಯೋಜಕ ಹುದ್ದೆಗಳ ಅಧಿಸೂಚನೆ ಬಂದಾಗ ಬಿಡಬೇಡಿ. ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಲ್ಲಿ ಕೂತು ಮಾಸ್ಟರ್ ಪ್ಲಾನಿನಲ್ಲಿ ಮನೆ ಎಲ್ಲಿ, ಕಾರ್ಖಾನೆ ಎಲ್ಲಿ ಅಂತ ಬಣ್ಣ ಹಾಕುವವರೇ ನಾಳೆಯ ಟ್ರಾಫಿಕ್ಕನ್ನೂ ತೀರ್ಮಾನಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ರಾಜ್ಯದಲ್ಲಿ ಇದಕ್ಕಿಂತ ಹತ್ತಿರದ ಕಾಯಂ ಕೆಲಸ ಇಲ್ಲ.

ಕೆಎಎಸ್‌ಗೆ ಯಾವ ಐಚ್ಛಿಕ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅದರ ಮುಖ್ಯ ಪರೀಕ್ಷೆಯಿಂದ ಐಚ್ಛಿಕ ಪತ್ರಿಕೆಗಳನ್ನೇ ತೆಗೆದಿದ್ದಾರೆ. ಸಾರಿಗೆ ಇಲಾಖೆ ಅನ್ನುವ ಹೆಸರು ನೋಡಿ ಮೋಟಾರು ವಾಹನ ನಿರೀಕ್ಷಕರ ಹುದ್ದೆಗೂ ಓದಲು ಕೂರಬೇಡಿ. ಅದು ಲೈಸೆನ್ಸು, ನೋಂದಣಿ, ವಾಹನ ತಪಾಸಣೆಯ ಕೆಲಸ, ಕೇಳುವುದು ಆಟೊಮೊಬೈಲ್, ಮೆಕ್ಯಾನಿಕಲ್ ಕಲಿತವರನ್ನು.

ನಿಮಗೆ 30 ಆಗಲು ಇನ್ನೂ ಸಮಯ ಇದ್ದರೆ ಎಂಜಿನಿಯರಿಂಗ್ ಸರ್ವಿಸಸ್ ಮತ್ತು ಗೇಟ್‌ನ ಸಿವಿಲ್ ಪತ್ರಿಕೆ ಎರಡಕ್ಕೂ ಒಟ್ಟಿಗೇ ಓದಿ, ಸಿವಿಲ್‌ನ ಬಹುಪಾಲು ಎರಡಕ್ಕೂ ಒಂದೇ. ವಯಸ್ಸೆಷ್ಟು ಅಂತ ನೀವು ಪ್ರಶ್ನೆಯಲ್ಲಿ ಬರೆದಿಲ್ಲ. ಅದನ್ನು ಹೇಳಿದರೆ ಯಾವುದನ್ನು ಮೊದಲು ಬರೆಯಬೇಕು ಅಂತ ಇನ್ನೂ ಸ್ಪಷ್ಟವಾಗಿ ಹೇಳಬಲ್ಲೆ.