ಬಾಸ್ ಓದುವವರೋ, ಕೇಳುವವರೋ?

ಪತ್ರ: ಹಳೆಯ ಮ್ಯಾನೇಜರ್ ಇದ್ದಾಗ ನನ್ನ ಕೆಲಸಕ್ಕೆ ಒಳ್ಳೆಯ ಹೆಸರಿತ್ತು. ಹೊಸಬರು ಬಂದು ಆರು ತಿಂಗಳಾಯಿತು. ಪ್ರತಿ ವಾರ ವಿವರವಾಗಿ ಮೇಲ್ ಕಳಿಸುತ್ತೇನೆ. ಅವರು ಓದುವುದೇ ಇಲ್ಲ. ಆಮೇಲೆ ಮೀಟಿಂಗ್‌ನಲ್ಲಿ ಎಲ್ಲರೆದುರು 'ಇದನ್ನು ನನಗೆ ಯಾಕೆ ಹೇಳಲಿಲ್ಲ?' ಎನ್ನುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಒಂದು ಸಾಲೂ ಬರೆಯುವುದಿಲ್ಲ, ಅವರ ಟೇಬಲ್ ಹತ್ತಿರ ಹೋಗಿ ಹರಟುತ್ತಾರೆ. ಬಾಸ್‌ಗೆ ಅವರೇ ಅಚ್ಚುಮೆಚ್ಚು. ನಾನೂ ಬಕೆಟ್ ಹಿಡಿಯುವುದು ಕಲಿಯಬೇಕೇ?

ಸಂಪಾದಕರ ಉತ್ತರ: ಬೇಡ. ಬಕೆಟ್ ಹಿಡಿಯಲು ಬರದವರು ಹಿಡಿಯಲು ಹೋದರೆ ನೋಡುವವರಿಗೇ ಮುಜುಗರ. ಆದರೆ ನಿಮ್ಮ ಸಹೋದ್ಯೋಗಿ ಮಾಡುತ್ತಿರುವುದು ಅದೇ ಎಂದು ಹೇಗೆ ತೀರ್ಮಾನಿಸಿದಿರಿ? ಅವರ ಹರಟೆಯಲ್ಲಿ ಎರಡು ನಿಮಿಷ ಕೆಲಸದ ಸುದ್ದಿ ಇದ್ದರೂ ಸಾಕು, ನಿಮ್ಮ ಉದ್ದನೆಯ ಮೇಲ್‌ಗಿಂತ ಜಾಸ್ತಿ ಅದು ಬಾಸ್ ತಲೆಗೆ ಹೋಗಿರುತ್ತದೆ.

ಮ್ಯಾನೇಜ್‌ಮೆಂಟ್ ಬಗ್ಗೆ ಜೀವನವಿಡೀ ಬರೆದ ಪೀಟರ್ ಡ್ರಕರ್ ಜನರಲ್ಲಿ ಎರಡು ಬಗೆ ಗುರುತಿಸಿದ್ದರು: ಓದಿ ತಿಳಿಯುವವರು, ಕೇಳಿ ತಿಳಿಯುವವರು. ಅದಕ್ಕೆ ಅವರು ಅಮೆರಿಕದ ಅಧ್ಯಕ್ಷರ ಉದಾಹರಣೆ ಕೊಡುತ್ತಿದ್ದರು. ಜಾನ್ ಕೆನಡಿ ಓದುವವರು. ಚೆನ್ನಾಗಿ ಬರೆಯುವವರನ್ನೇ ಸಹಾಯಕರನ್ನಾಗಿ ಇಟ್ಟುಕೊಂಡಿದ್ದರು. ಚರ್ಚೆಗೆ ಮೊದಲೇ ವಿಷಯ ಬರಹದಲ್ಲಿ ಕೈಗೆ ಬರಬೇಕಿತ್ತು. 1963ರಲ್ಲಿ ಕೆನಡಿ ಹತ್ಯೆಯಾಯಿತು. ಅವರ ನಂತರ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ಆ ಸಹಾಯಕರನ್ನೇ ಉಳಿಸಿಕೊಂಡರು. ಸಹಾಯಕರು ಬರೆಯುತ್ತಲೇ ಹೋದರು. ಡ್ರಕರ್ ಪ್ರಕಾರ ಅದರಲ್ಲಿ ಒಂದು ಪದವೂ ಜಾನ್ಸನ್‌ಗೆ ತಲುಪಲಿಲ್ಲ, ಏಕೆಂದರೆ ಅವರು ಕೇಳಿ ತಿಳಿಯುವವರು. (ಡ್ರಕರ್ ಇದಕ್ಕೆ ಸ್ವಲ್ಪ ಉಪ್ಪುಖಾರ ಹಚ್ಚಿರಲೂಬಹುದು.) ನಿಮ್ಮದೂ ಹೆಚ್ಚುಕಮ್ಮಿ ಇದೇ ಕತೆ ಅಲ್ವಾ? ಬಾಸ್ ಬದಲಾದರು. ನೀವು ಮಾತ್ರ ಹಳೆಯ ಬಾಸ್‌ಗೇ ಬರೆಯುತ್ತಿದ್ದೀರಿ.

ಮೊದಲು ಅವರನ್ನೇ ಕೇಳಿಬಿಡಿ: 'ವಾರದ ವಿವರ ಮೇಲ್‌ನಲ್ಲಿ ಕಳಿಸಲೇ, ಬಂದು ಹೇಳಲೇ?' ಇಷ್ಟು ಸಣ್ಣ ಪ್ರಶ್ನೆ ಕೇಳಲು ಜನ ವರ್ಷಗಟ್ಟಲೆ ಹಿಂಜರಿಯುತ್ತಾರೆ, ಯಾಕೋ. ಬಂದು ಹೇಳಿ ಎಂದರೆ ವಾರಕ್ಕೊಮ್ಮೆ ಕಾಲು ಗಂಟೆ ಗೊತ್ತು ಮಾಡಿಕೊಳ್ಳಿ. ಮೇಲ್‌ನಲ್ಲಿ ನೀವು ಬಹುಶಃ ಮಾಡಿದ್ದನ್ನೆಲ್ಲ ವಿವರಿಸಿ ಕೊನೆಗೆ ತೊಂದರೆ ಬರೆಯುತ್ತೀರಿ. ಬಾಯಲ್ಲಿ ಹೇಳುವಾಗ ತೊಂದರೆ ಮೊದಲು ಬರಲಿ, ಅವರಿಂದ ಏನು ಬೇಕು ಎನ್ನುವುದು ಅದರ ಹಿಂದೆಯೇ. ಸರಿಯಾಗಿ ಸಾಗುತ್ತಿರುವ ಕೆಲಸಕ್ಕೆ ಒಂದು ಮಾತು ಸಾಕು. ಆಮೇಲೆ ಎರಡು ಸಾಲಿನ ಮೇಲ್ ಹಾಕಿ: 'ಇವತ್ತು ಮಾತಾಡಿದಂತೆ ಹೀಗೆ ಮಾಡುತ್ತಿದ್ದೇನೆ.' ಅವರು ಓದದಿದ್ದರೂ ಪರವಾಗಿಲ್ಲ, ಅದು ನಿಮ್ಮ ದಾಖಲೆಗೆ.

ಇನ್ನು 'ಯಾಕೆ ಹೇಳಲಿಲ್ಲ' ಎಂಬ ಪ್ರಶ್ನೆ. ಅದರಲ್ಲಿ ಕೋಪಕ್ಕಿಂತ ಜಾಸ್ತಿ ಭಯ ಇರುತ್ತದೆ. ಅವರಿಗೂ ಮೇಲೊಬ್ಬರಿದ್ದಾರೆ. ತನ್ನ ತಂಡದ ಸುದ್ದಿ ತನಗೇ ಗೊತ್ತಿಲ್ಲ ಎಂದು ಆ ಮೇಲಿನವರ ಮುಂದೆ ಬಯಲಾಗುವುದು ಯಾವ ಬಾಸ್‌ಗೂ ಇಷ್ಟವಿಲ್ಲ. ಶುಕ್ರವಾರ ಮುಗಿಯಬೇಕಾದ ಕೆಲಸ ಮುಗಿಯುವುದಿಲ್ಲ ಎಂದು ಮಂಗಳವಾರವೇ ಹೇಳಿದರೆ ಅವರು ಇನ್ನೊಬ್ಬರನ್ನು ನಿಮ್ಮ ಜೊತೆ ಹಾಕಬಹುದು, ಗಡುವು ಮುಂದೂಡಬಹುದು, ಮೇಲಿನವರ ಕಿವಿಗೆ ಹಾಕಿಡಬಹುದು. ಶುಕ್ರವಾರ ಸಂಜೆ ಹೇಳಿದರೆ ಬೈಯುವುದೊಂದೇ ಉಳಿದಿರುತ್ತದೆ. 'ಹೇಗೋ ನಾನೇ ಸರಿಮಾಡುತ್ತೇನೆ, ಸುಮ್ನೆ ಅವರ ತಲೆ ಯಾಕೆ ತಿನ್ನಲಿ' ಎಂದುಕೊಂಡು ಆ ಮೂರು ದಿನ ಕಳೆಯುವವರು ಸೋಮಾರಿಗಳಲ್ಲ, ಚೆನ್ನಾಗಿ ಕೆಲಸ ಮಾಡುವವರೇ. ನೀವೂ ಆ ಪೈಕಿ ಎಂದು ನನ್ನ ಅನುಮಾನ.

ಎಲ್ಲರೆದುರು ಕೇಳುವುದು ನೋವಾಗಿದ್ದರೆ ಅದನ್ನೂ ಹೇಳಿ, ಅವರೊಬ್ಬರೇ ಇರುವಾಗ. 'ಅವಮಾನ ಮಾಡಿದಿರಿ' ಎಂದು ಶುರುಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. 'ಮೀಟಿಂಗ್‌ಗೆ ಮೊದಲೇ ಒಮ್ಮೆ ಕೇಳಿ, ಉತ್ತರ ತಯಾರು ಮಾಡಿಕೊಂಡು ಬರುತ್ತೇನೆ' ಎನ್ನಿ.

ಬೈಗುಳ, ನಿಮ್ಮ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಳ್ಳುವುದು, ಸುಳ್ಳು ಲೆಕ್ಕ ಬರೆಸುವುದು ಇದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಹೊಂದಿಕೊಳ್ಳುವ ಮಾತೇ ಇಲ್ಲ. ದಿನಾಂಕ ಸಮೇತ ಬರೆದಿಟ್ಟುಕೊಂಡು ಎಚ್‌ಆರ್ ಬಳಿ ಹೋಗಬೇಕು, ಅಥವಾ ಬೇರೆ ಕೆಲಸ ನೋಡಿಕೊಳ್ಳಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಎರಡು ತಿಂಗಳು ಹೀಗೆ ಮಾಡಿ ನೋಡಿ, ಏನಾಯಿತು ಎಂದು ಬರೆಯಿರಿ.