ಗಾಲಿ ಮೇಲಿನ ಅಡುಗೆಮನೆ: ಕೇಳಿದ್ದೀರಿ, ಹೇಳ್ತೀನಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಟ್ರೈಲರ್, ವ್ಯಾನು ಅಂತ ಮನೇನೇ ಕಟ್ಕೊಂಡು ತಿರುಗೋರು ನಮ್ಮ ಕಡೇನೂ ಇಷ್ಟು ಜನ ಆಗಿದ್ದಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಅದಕ್ಕೆ ಬಾಕಿ ಪ್ರಶ್ನೆ ಎಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವಿಷ್ಟನ್ನೇ ತಗೊಂಡಿದ್ದೀನಿ.

ಪ್ರಶ್ನೆ: ಅಕ್ಕ ನಮಸ್ಕಾರ. ನಮ್ಮ ಯಜಮಾನ್ರು ರಿಟೈರ್ ಆದ್ಮೇಲೆ ಒಂದೇ ಹಠ, ಟ್ರೈಲರ್ ಮನೆ ಮಾಡಿಸ್ಬೇಕು ಅಂತ. ಇಲ್ಲೇ ಒಂದು ಗ್ಯಾರೇಜಲ್ಲಿ 12 ಅಡಿ ಉದ್ದದ್ದು ಮಾಡಿಸಿದ್ವಿ, ಜೀಪಿನ ಹಿಂದೆ ಕೊಂಡಿ ಹಾಕಿ ಎಳ್ಕೊಂಡು ಹೋಗೋದು. ಮುಂದೆ ಮಂಚ, ಮಧ್ಯ ಬೆಂಚು, ಕಟ್ಟಕಡೇಲಿ ಅಡುಗೆಮನೆ. ಮೊದಲ್ನೇ ಸಲ ಹೊರನಾಡಿಗೆ ಹೊರಟ್ವಿ, ಬೇಲೂರು ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಕಳಸದ ಹತ್ರ ಬಂದು ಬಾಗಿಲು ತೆಗೀತೀನಿ, ರಾಗಿಹಿಟ್ಟು ನೆಲದ ತುಂಬ, ಅದರ ಮೇಲೆ ಮಿಡಿ ಉಪ್ಪಿನಕಾಯಿ ಬಾಟ್ಲಿ ಒಡೆದು ಕೆಂಪು ಕೆಸರು, ಲೋಟ ತಟ್ಟೆ ಎಲ್ಲ ಮಂಚದ ಕೆಳಗೆ. ಇವರಿಗೆ ನಗು, ನನಗೆ ಅಳು. ಕಪಾಟಿಗೆ ಬಾಗಿಲಿದೆ, ಮ್ಯಾಗ್ನೆಟ್ಟೂ ಇದೆ, ಆದ್ರೂ ಹೀಗೆ. ಯಾವುದನ್ನ ಎಲ್ಲಿ ಇಡ್ಬೇಕು ಹೇಳಿ. 60 ಸ್ಪೀಡ್ ದಾಟಿದ್ರೆ ಟ್ರೈಲರ್ ಹಿಂದೆ ಆಡುತ್ತೆ ಅಂತಾನೂ ಇವರು ಅಂತಿರ್ತಾರೆ, ಅದಕ್ಕೂ ಅಡುಗೆಮನೆಗೂ ಏನೂ ಸಂಬಂಧ ಇಲ್ಲ ಬಿಡಿ.
— ಓದುಗರು, ಹಾಸನ

ಉತ್ತರ: ಸಂಬಂಧ ಇದೆ ಕಣ್ರೀ, ನಾನು ಅಲ್ಲಿಂದಲೇ ಶುರು ಮಾಡೋದು. ಉಪ್ಪಿನಕಾಯಿ ಚೆಲ್ಲಿದ್ರೆ ಒರೆಸ್ಬೋದು, ಚಾರ್ಮಾಡಿ ತಿರುವಲ್ಲೋ ಶಿರಾಡಿ ಇಳಿಜಾರಲ್ಲೋ ಟ್ರೈಲರ್ ಬಾಲ ಆಡಿಸಿದ್ರೆ ಒರೆಸೋಕೆ ನಾವೇ ಇರಲ್ಲ.

ನಮ್ಮಜ್ಜ ಬೇಲೂರು ತೇರಿಗೆ ಕಮಾನು ಗಾಡಿ ಕಟ್ಟೋವಾಗ ಹೆಂಗಸರನ್ನ ಹತ್ತಿಸೋಕೆ ಮುಂಚೆ ಸಾಮಾನು ಅವರೇ ಜೋಡಿಸೋರು, ಬೇರೆಯವರು ಕೈ ಹಾಕಂಗಿಲ್ಲ. ಅಕ್ಕಿ ಮೂಟೆ ಅಚ್ಚಿನ ಮೇಲೆ, ಹುಲ್ಲು ಹಾಸಿ ಅದರೊಳಗೆ ಪಾತ್ರೆ, ಹಗುರದ್ದು ಹಿಂದಕ್ಕೆ. ಹಿಂಭಾರ ಆದ್ರೆ ಮೂಕಿ, ಅಂದ್ರೆ ಗಾಡಿ ಮುಂದಿನ ಉದ್ದ ಮರ, ಮೇಲೆದ್ದು ಕೊರಳ ಹಗ್ಗ ಎತ್ತಿಗೆ ಉರುಳಾಗುತ್ತೆ, ಮುಂಭಾರ ಜಾಸ್ತಿ ಆದ್ರೆ ನೊಗ ಹೆಗಲು ಒತ್ತಿ ಹುಣ್ಣಾಗುತ್ತೆ, ಮೂಕೀನ ಒಂದು ಕೈಲಿ ಎತ್ತಿ ನೋಡಿ ಹೂಂ ಅಂದ್ಮೇಲೇನೇ ಎತ್ತು ಹೂಡೋದು. ನಿಮ್ಮ ಟ್ರೈಲರಿಗೂ ಅದೇ ಲೆಕ್ಕ, ಎತ್ತಿನ ಜಾಗದಲ್ಲಿ ಜೀಪು ಅಷ್ಟೆ. ಅಡುಗೆಮನೆ ಕಟ್ಟಕಡೇಲಿದೆ ಅಂದ್ರಿ, ಅಂದ್ರೆ ನೀರಿನ ಕ್ಯಾನು, ಸಿಲಿಂಡರ್, ಅಕ್ಕಿ ಬೇಳೆ, ಕುಕ್ಕರ್ ಎಲ್ಲ ಚಕ್ರದ ಹಿಂದೆ ಕೂತಿದೆ. 20 ಲೀಟರ್ ಕ್ಯಾನ್ ಎರಡು ಇಟ್ರೆ ಅಲ್ಲೇ 40 ಕೆಜಿ. ಕೊಂಡಿ ಹಗುರ ಆಗುತ್ತೆ, ಬಾಲ ಆಡುತ್ತೆ.

ಸಾಮಾನ್ಯವಾಗಿ ಹೇಳೋ ಲೆಕ್ಕ ಏನಂದ್ರೆ ಟ್ರೈಲರ್ ಪೂರ್ತಿ ತೂಕದಲ್ಲಿ 100ಕ್ಕೆ 10ರಿಂದ 15 ಪಾಲು ಕೊಂಡಿ ಮೇಲೆ ಕೂರ್ಬೇಕು. ಶುಂಠಿ, ಆಲೂಗೆಡ್ಡೆ ಲಾರಿ ತೂಗ್ತಾರಲ್ಲ ಆ ವೇಬ್ರಿಡ್ಜಿಗೆ ಸಾಮಾನು ತುಂಬಿದ ಟ್ರೈಲರ್ ಒಂದ್ಸಲ ತಗೊಂಡು ಹೋಗಿ. 700 ಕೆಜಿ ಬಂತು ಅಂತಿಟ್ಕೊಳ್ಳಿ, ಕೊಂಡಿ ಮೇಲೆ 70ರಿಂದ 105 ಕೆಜಿ ಇರ್ಬೇಕು. ಅದನ್ನ ಮನೇಲೇ ನೋಡ್ಬೋದು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ನಾವು ನಿಂತು ತೂಕ ನೋಡೋ ಮಷೀನ್ ಮೇಲೆ ಗಟ್ಟಿ ಮರದ ದಿಮ್ಮಿ ಇಟ್ಟು, ಜೀಪಿಗೆ ಸಿಕ್ಕಿಸಿದಾಗ ಇರೋ ಎತ್ತರಕ್ಕೇ ಕೊಂಡಿ ಕೂರಿಸಿ ನಂಬರ್ ಓದೋದು. ಮಷೀನಿನ ಮಿತಿ ಎಷ್ಟು ಅಂತ ಮೊದಲು ನೋಡ್ಕೊಳ್ಳಿ. ಕಮ್ಮಿ ಬಂತಾ, ನೀರಿನ ಕ್ಯಾನು ಬೆಂಚಿನ ಕೆಳಗೆ ಚಕ್ರದ ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಬರ್ಲಿ, ಅಕ್ಕಿ ಬೇಳೆ ಡಬ್ಬಿನೂ ಅಲ್ಲೇ. ಅಡುಗೆ ಮಾಡೋವಾಗ ನಾಲ್ಕು ಹೆಜ್ಜೆ ಜಾಸ್ತಿ ನಡೀತೀರಿ, ನಡೀರಿ. ಅಷ್ಟಾದ್ಮೇಲೂ ದಾರೀಲಿ ಆಡೋಕೆ ಶುರು ಆಯ್ತು ಅಂದ್ರೆ ಯಜಮಾನ್ರಿಗೆ ಹೇಳಿ, ಗಾಬರಿಲಿ ಬ್ರೇಕ್ ತುಳಿಯೋದು ಬೇಡ, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಮೆಲ್ಲಗೆ ಬಿಡ್ಬೇಕು.

ಇನ್ನು ಕಪಾಟು. ಮ್ಯಾಗ್ನೆಟ್ ಅನ್ನೋದು ನಿಂತಿರೋ ಮನೆಗೆ, ಅದು ಬಾಗಿಲನ್ನ ಮುಚ್ಚಿಡುತ್ತೆ, ತಿರುವಲ್ಲಿ ಮೂರು ಕೆಜಿ ಪಾತ್ರೆ ಒಳಗಿಂದ ಗುದ್ದಿದ್ರೆ ತಡೆಯಲ್ಲ. ಹಾರ್ಡ್‌ವೇರ್ ಅಂಗಡೀಲಿ ಎರಡು ಇಂಚಿನ ಟವರ್ ಬೋಲ್ಟ್ ಸಿಗುತ್ತೆ, ಅದೇ ನಮ್ಮ ಕಿಟಕಿ ಚಿಲಕ, ಪ್ರತಿ ಬಾಗಿಲಿಗೂ ಒಂದು ಹಾಕ್ಸಿ. ಒತ್ತಿದ್ರೆ ಒಳಗೆ ಹೋಗಿ ಲಾಕ್ ಆಗೋ ಪುಶ್ ಲಾಕ್ ನೋಡೋಕೆ ಚೆಂದ, ದುಡ್ಡಿದ್ರೆ ಅದು. ನನ್ನ ಕೇಳಿದ್ರೆ ಚಿಲಕಾನೇ, ಹಾಕಿದೆಯೋ ಇಲ್ವೋ ಅಂತ ಬಾಗಿಲಲ್ಲಿ ನಿಂತು ಒಂದೇ ನೋಟಕ್ಕೆ ಗೊತ್ತಾಗುತ್ತೆ. ಡ್ರಾಯರ್ ಇದ್ರೆ ಬಡಗಿಗೆ ಹೇಳಿ ಮುಂದಿನ ಅಂಚಿಗೆ ಒಂದು ಸಣ್ಣ ಕಚ್ಚು ಕೊಡ್ಸಿ, ಸ್ವಲ್ಪ ಎತ್ತಿ ಎಳೆದ್ರೆ ಮಾತ್ರ ಈಚೆ ಬರೋ ಥರ. ತೆರೆದ ಶೆಲ್ಫಿಗೆ ಅಡ್ಡಪಟ್ಟಿ, ಎರಡು ಇಂಚಿನದು ಸಾಲಲ್ಲ, ಡಬ್ಬಿಯ ಅರ್ಧ ಎತ್ತರಕ್ಕಾದ್ರೂ ಬರ್ಲಿ.

ಮೇಲಿನ ಕಪಾಟಲ್ಲಿ ಏನಿರ್ಬೇಕು? ಹಪ್ಪಳ, ಅವಲಕ್ಕಿ, ಟೀ ಪುಡಿ, ಟವೆಲ್ಲು. ತಲೆ ಮೇಲೆ ಬಿದ್ರೆ ಬೈಗುಳ ಮಾತ್ರ ಬರ್ಬೇಕು, ರಕ್ತ ಬರ್ಬಾರ್ದು. ಕುಕ್ಕರ್, ಬಾಣಲೆ, ಕಬ್ಬಿಣದ ಕಾವಲಿ ಇವೆಲ್ಲ ನೆಲಕ್ಕೆ.

ಪಾತ್ರೆ ವಿಷಯದಲ್ಲಿ ನೀವು ಮನೆ ಅಡುಗೆಮನೆನೇ ಎತ್ಕೊಂಡು ಹೋಗಿದ್ದೀರಿ ಅನ್ಸುತ್ತೆ. ಇಬ್ಬರಿಗೆ ಮೂರು ಲೀಟರ್ ಕುಕ್ಕರ್ ಒಂದು, ಅದರೊಳಗೆ ಕೂರೋ ಎರಡು ಬಟ್ಟಲು, ಒಂದು ಬಾಣಲೆ, ಒಂದು ಕಾವಲಿ, ಹಾಲಿಗೆ ಒಂದು ಪಾತ್ರೆ, ಮುಗೀತು. ಮುದ್ದೆ ಬೇಕೇ ಬೇಕು ಅಂದ್ರೆ ಕೋಲು ಒಂದು ಇರ್ಲಿ, ಬಾಗಿಲ ಪಕ್ಕ ಎರಡು ಕ್ಲಿಪ್ಪಿಗೆ ಸಿಕ್ಕಿಸಿ. ಒಂದರೊಳಗೊಂದು ಇಡಿ, ನಡುವೆ ಹಳೇ ಕಾಟನ್ ಸೀರೆ ತುಂಡು ಹಾಕಿ, ಇಲ್ಲಾಂದ್ರೆ ಜಾವಗಲ್‌ವರೆಗೂ ಗಲಗಲ ಅಂತ ಕೇಳ್ಕೊಂಡೇ ಹೋಗ್ಬೇಕು. ಅಜ್ಜ ಹಾಸ್ತಿದ್ದ ಹುಲ್ಲಿನ ಕೆಲಸಾನೇ ಇದು. ತಟ್ಟೆಗಳನ್ನ ಮಲಗಿಸೋ ಬದಲು ನಿಲ್ಲಿಸಿ ಬಿಗಿಯಾಗಿ ಸಿಕ್ಕಿಸಿದ್ರೆ ಜಾಗಾನೂ ಕಮ್ಮಿ. ಈಳಿಗೆಮಣೆ ದಯವಿಟ್ಟು ಮನೇಲೇ ಬಿಡಿ, ಮಲೆನಾಡಿನವರು ಮೆಟ್ಟುಗತ್ತಿ ಅಂತೀರಲ್ಲ ಅದನ್ನೂ.

ಡಬ್ಬಿ ದುಂಡಗಿದ್ರೆ ಬದಲಾಯಿಸಿ, ಚೌಕದ್ದು ತಗೊಳ್ಳಿ. ಚೌಕ ಜಾಗದಲ್ಲಿ ದುಂಡು ಡಬ್ಬಿ ಇಟ್ರೆ 100ಕ್ಕೆ 21 ಪಾಲು ಜಾಗ ಮೂಲೆಗಳಲ್ಲೇ ಖಾಲಿ, ಆ ಖಾಲಿ ಜಾಗಾನೇ ಡಬ್ಬಿಗೆ ಓಡಾಡೋಕೆ ದಾರಿ. ಕೆಳಗೆ ರಬ್ಬರ್ ಮ್ಯಾಟ್ ಹಾಸಿ, ಉಳಿದ ಸಂದಿಗೆ ಕೈ ಒರೆಸೋ ಬಟ್ಟೆ ತುರುಕಿ, ಅಲ್ಲಾಡಿಸಿದ್ರೆ ಅಲ್ಲಾಡಬಾರ್ದು. ರಾಗಿಹಿಟ್ಟು ಒಂದು ಕೆಜಿ ಸಾಕು, ಅದೂ ಕವರಲ್ಲಿ ಕಟ್ಟಿ ಡಬ್ಬಿಗೆ ಹಾಕಿ, ದಾರೀಲಿ ಊರುಗಳಿವೆ, ಸಂತೆ ಇದೆ, ಮತ್ತೆ ತಗೋಬೋದು. ಒಗ್ಗರಣೆ ಡಬ್ಬಿ ಅನ್ನೋದು ಗಾಡಿಗೆ ಆಗಿಬರಲ್ಲ, ಒಂದು ಗುಂಡಿಗೆ ಸಾಸಿವೆ ಜೀರಿಗೆ ಅರಿಶಿನ ಎಲ್ಲ ಕಲಸಿ ಹೊಸ ಮಸಾಲೆ ಆಗಿರುತ್ತೆ. ತಿರುಗಿಸೋ ಮುಚ್ಚಳದ ಸಣ್ಣ ಬಾಟ್ಲಿಗಳಿಗೆ ಹಾಕಿ, ಮುಚ್ಚಳದ ಮೇಲೇ ಹೆಸರು ಬರೀರಿ, ಡ್ರಾಯರಲ್ಲಿ ನಿಲ್ಲಿಸಿದ್ರೆ ಮೇಲಿಂದ ಓದ್ಬೋದು. ಎಣ್ಣೆ ಬಾಟ್ಲಿ ಒಂದು ಪಾತ್ರೆಯೊಳಗೆ ನಿಲ್ಲಲಿ, ಸೋರಿದ್ರೂ ಅಲ್ಲೇ. ಉಪ್ಪಿನಕಾಯಿನ ಸ್ಟೀಲ್ ಡಬ್ಬಿಗೆ ಹಾಕೋಕೆ ಹೋಗ್ಬೇಡಿ, ಉಪ್ಪು ಹುಳಿ ಅದನ್ನ ತಿನ್ನುತ್ತೆ. ಗಾಜಿನದೇ ಇರ್ಲಿ, ಯಜಮಾನ್ರ ಹಳೇ ಕಾಲುಚೀಲ ತೊಡ್ಸಿ, ಒಗೆದಿದ್ದು ಮತ್ತೆ.

ಈರುಳ್ಳಿ ಬೆಳ್ಳುಳ್ಳಿ ನಿಂಬೆಗೆ ನಮ್ಮ ಹಳೇ ನೆಲುವೇ ಸೈ. ಬಲೆ ಚೀಲದಲ್ಲಿ ಹಾಕಿ ಚಾವಣಿಗೆ ನೇತು ಹಾಕಿ, ಗಾಳಿ ಆಡುತ್ತೆ, ಕೊಳೆಯಲ್ಲ. ಮನೆ ನೆಲುವು ಸುಮ್ನೆ ತೂಗಾಡ್ಕೊಂಡಿರುತ್ತೆ, ಗಾಡೀದು ಗೋಡೆಗೆ ಬಡಿಯುತ್ತೆ, ಹಾಗಾಗಿ ಕೆಳಗಿಂದಾನೂ ಒಂದು ದಾರ ಕಟ್ಟಿ ಗೋಡೆ ಕೊಕ್ಕೆಗೆ ಸಿಕ್ಕಿಸ್ಬೇಕು.

ಎಲ್ಲ ಜೋಡಿಸಾದ್ಮೇಲೆ ಹೊರನಾಡಿಗೆ ಹೊರಡೋಕೆ ಮುಂಚೆ ನಿಮ್ಮ ಬೀದಿ ಹಂಪು ನಾಲ್ಕು ಹತ್ತಿಸಿ ಇಳಿಸಿ, ಬಾಗಿಲು ತೆಗೆದು ನೋಡಿ.

ಪ್ರಶ್ನೆ: ವ್ಯಾನಲ್ಲಿ ಅಡುಗೆ ಮಾಡ್ಕೊಂಡು ಸುತ್ತೋ ಪ್ಲಾನ್ ಇದೆ. ತೋಟದ ಮನೇಲಿ ಒಂದು ಎಕ್ಸ್ಟ್ರಾ ಸಿಲಿಂಡರ್ ಇದೆ, ಅದನ್ನೇ ಸಿಂಕ್ ಕೆಳಗಿನ ಕಪಾಟಲ್ಲಿ ಇಟ್ರೆ ಸಾಕಲ್ವ? ಮನೇಲೂ ಅಲ್ಲೇ ತಾನೆ ಇರೋದು?
— ಓದುಗರು, ಮೂಡಿಗೆರೆ

ಉತ್ತರ: ಬೇಡ ತಮ್ಮಾ. ಮನೆಯ 14.2 ಕೆಜಿ ಸಿಲಿಂಡರ್ ಅಂದ್ರೆ ಕಬ್ಬಿಣದ ತೂಕ ಸೇರಿ ಹತ್ತತ್ರ 30 ಕೆಜಿ, ವ್ಯಾನು ಬ್ರೇಕ್ ಹಾಕಿದಾಗ ಅದು ಸಿಲಿಂಡರ್ ಆಗಿರಲ್ಲ, ಗುಂಡಾಗಿರುತ್ತೆ. 5 ಕೆಜಿದು ಸಿಗುತ್ತೆ, ಅದು ಸಾಕು. ತೂಕಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರೆ ಮೇಲೆ ಹೋಗಲ್ಲ, ನೀರಿನ ಥರ ಕೆಳಗಿಳಿದು ನೆಲದಲ್ಲಿ ಮಡುಗಟ್ಟುತ್ತೆ. ಮನೇಲಿ ಬಾಗಿಲ ಸಂದಿಯಿಂದ ಹೊರಗೆ ಹರಿಯೋಕೆ ದಾರಿ ಇರುತ್ತೆ, ವ್ಯಾನು ಅಂದ್ರೆ ತಳ ಮುಚ್ಚಿದ ಡಬ್ಬಿ, ನೀವು ಮಲಗೋದೂ ಆ ಡಬ್ಬಿಯಲ್ಲೇ. ಹಾಗಾಗಿ ಸಿಲಿಂಡರಿಗೆ ಬೇರೆ ಗೂಡು ಮಾಡ್ಸಿ, ಒಳಗಡೆಗೆ ಪೂರ್ತಿ ಬಂದ್, ಹೊರಗಿಂದ ಬಾಗಿಲು, ತಳದಲ್ಲಿ ನೇರ ರಸ್ತೆಗೆ ತೆರೆಯೋ ತೂತು. ಆ ತೂತಿನ ಹತ್ರ ಸೈಲೆನ್ಸರ್ ಇರ್ಬಾರ್ದು. ಸಿಲಿಂಡರ್ ನಿಂತೇ ಇರ್ಬೇಕು, ಮಲಗಿಸಿದ್ರೆ ಆವಿ ಬದಲು ದ್ರವಾನೇ ಪೈಪಿಗೆ ನುಗ್ಗುತ್ತೆ. ಬೆಲ್ಟ್ ಹಾಕಿ ಬಿಗೀರಿ, ಗಾಡಿ ಹೊರಡೋ ಮುಂಚೆ ರೆಗ್ಯುಲೇಟರ್ ಆಫ್. ಜೋಡಣೆ ಜಾಗಕ್ಕೆ ಆಗಾಗ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ, ಗಾಡಿ ಅದುರೋ ಅದುರಿಗೆ ಜೋಡಣೆ ಸಡಿಲ ಆಗುತ್ತೆ.

ಇನ್ನೊಂದು ಮಾತು, ಮಳೆ ಚಳಿ ಅಂತ ಎಲ್ಲ ಬಾಗಿಲು ಮುಚ್ಕೊಂಡು ಒಳಗೆ ಒಲೆ ಹಚ್ಬೇಡಿ, ಬೆಚ್ಚಗಿರ್ಲಿ ಅಂತ ರಾತ್ರಿ ಉರಿಸಿಡೋದಂತೂ ಬೇಡವೇ ಬೇಡ. ಗಾಳಿ ಆಡದ ಕಡೆ ಒಲೆ ಉರಿದ್ರೆ ಹುಟ್ಟೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ.

ಪ್ರಶ್ನೆ: ಅಕ್ಕ, ನಮ್ಮ ವ್ಯಾನಿನ ಕಪಾಟು ಒಂದು ಮಳೆಗಾಲಕ್ಕೇ ಊದಿ ಬಾಗಿಲು ಮುಚ್ತಾ ಇಲ್ಲ. ಉಪ್ಪು ನೀರಾಗುತ್ತೆ, ಹುರಿಗಾಳು ಮೆತ್ತಗೆ, ಕಾಫಿಪುಡಿ ಗಟ್ಟಿ. ಏನು ಮಾಡೋದು?
— ಓದುಗರು, ಚಿಕ್ಕಮಗಳೂರು

ಉತ್ತರ: ನಮ್ಮ ಮಳೆ ಅಂಥದ್ದು, ಮನೆ ಗೋಡೆಗೇ ಬೂಸ್ಟು ಬರುತ್ತೆ, ಪಾಪ ಪ್ಲೈವುಡ್ ಏನು ಮಾಡುತ್ತೆ. ಊದಿದೆ ಅಂದ್ರೆ ಅದು ಬಹುಶಃ ಪಾರ್ಟಿಕಲ್ ಬೋರ್ಡು ಅಥವಾ ಕಮ್ಮಿ ದರ್ಜೆ ಪ್ಲೈ. ಈ ಸಲ ಬಿಡಬ್ಲ್ಯೂಪಿ ಅಂತ ಕೇಳಿ ತಗೊಳ್ಳಿ, ಮರೈನ್ ಪ್ಲೈ ಅಂತಾರಲ್ಲ ಅದು, ಹಲಗೆ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತೆ. ಒಳ್ಳೇ ಹಲಗೇನೂ ಕೊಯ್ದ ಅಂಚಿನಿಂದ ನೀರು ಕುಡಿಯುತ್ತೆ, ಬಡಗಿ ಅಂಚಿಗೆ ಬಣ್ಣವೋ ವಾರ್ನಿಷ್ಷೋ ಬಳಿಯದೆ ಹೋದ್ರೆ ಸಂಬಳ ಕೊಡ್ಬೇಡಿ, ತಮಾಷೆಗೆ ಹೇಳಿದ್ದು, ಆದ್ರೂ ನಿಂತು ಮಾಡ್ಸಿ. ಕಪಾಟಿನ ಬೆನ್ನು ಗಾಡಿ ತಗಡಿಗೆ ಅಂಟ್ಕೊಂಡಿರ್ಬಾರ್ದು. ಹೊರಗೆ ಚಳಿ ಒಳಗೆ ಅನ್ನದ ಹಬೆ ಆದಾಗ ಆ ತಗಡು ಬೆವರುತ್ತೆ, ಬೆವರಿದ ನೀರೇ ಹಲಗೆಗೆ ಇಳಿಯೋದು. ಒಂದು ಬೆರಳು ಸಂದಿ ಬಿಡ್ಸಿ, ಬಾಗಿಲಲ್ಲಿ ಸಣ್ಣ ತೂತು ಇರ್ಲಿ.

ಹಿಂದೆ ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಬೆಚ್ಚಗೆ ಇಡ್ತಿತ್ತು, ನಿಮಗೆ ಆ ಭಾಗ್ಯ ಇಲ್ಲ, ಅದಕ್ಕೆ ಕಮ್ಮಿ ಕಮ್ಮಿ ತಗೊಳ್ಳಿ. ಕಾಫಿಪುಡಿ 100 ಗ್ರಾಂ ಪೊಟ್ಟಣ, ಮುಗಿದ್ರೆ ಇನ್ನೊಂದು, ನಮ್ಮೂರಲ್ಲಿ ಕಾಫಿಪುಡಿಗೆ ಬರವಾ? ಉಪ್ಪಿನ ಬಾಟ್ಲಿಗೆ ನಾಲ್ಕು ಕಾಳು ಹುರಿದ ಅಕ್ಕಿ ಹಾಕಿ. ಕಪಾಟಿಗೆ ಪೇಪರ್ ಹಾಸೋದು ನಿಲ್ಲಿಸಿ, ಅದು ತೇವ ಹೀರಿ ಹಿಡಿದಿಟ್ಕೊಳ್ಳುತ್ತೆ, ಜಿರಳೆಗೂ ಮನೆ. ನುಸಿಗುಳಿಗೆ ಊಟದ ಸಾಮಾನಿನ ಹತ್ರ ಬರಲೇ ಕೂಡದು. ಗಾಡಿ ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಒಂದು ಕಾಳೂ ಬಿಡದೆ ಖಾಲಿ ಮಾಡಿ ಬಾಗಿಲೆಲ್ಲ ತೆಗೆದಿಡಿ, ಇಲಿ ಬಂದ್ರೂ ಬೇಜಾರಾಗಿ ವಾಪಸ್ ಹೋಗ್ಲಿ.

ಪ್ರಶ್ನೆ: ಮಂಗಳೂರಿಂದ ಹೊರಟು ಮುಳ್ಳಯ್ಯನಗಿರಿ ಕಡೆ ಹತ್ತೋ ಹೊತ್ತಿಗೆ ಚಿಪ್ಸ್ ಪ್ಯಾಕೆಟ್ ಎಲ್ಲ ಬಲೂನು. ಮೊಸರಿನ ಡಬ್ಬಿ ಮುಚ್ಚಳ ಟಪ್ ಅಂತ ಹಾರಿ ಬಟ್ಟೆ ಬ್ಯಾಗ್ ಮೇಲೆಲ್ಲ ಮೊಸರು. ಹಾಳಾಗಿದೆ ಅಂತ ಅರ್ಥಾನಾ?
— ಓದುಗರು, ಅರಸೀಕೆರೆ

ಉತ್ತರ: ಚಿಪ್ಸ್ ಹಾಳಾಗಿಲ್ಲ, ತಿನ್ನಿ. ಮಂಗಳೂರು ಸಮುದ್ರದ ಮಟ್ಟ, ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಅಲ್ಲಿ ಗಾಳಿ ಒತ್ತಡ ಕೆಳಗಿಗಿಂತ ಹತ್ತತ್ರ ಐದನೇ ಒಂದು ಪಾಲು ಕಮ್ಮಿ, ಪ್ಯಾಕೆಟ್ ಒಳಗಿರೋ ಗಾಳಿ ಕೆಳಗಿನದೇ ಆದ್ದರಿಂದ ಹಿಗ್ಗುತ್ತೆ. ಮೊಸರಿಗೆ ಬಿಸಿಲು ತಾಗಿದ್ರೆ ಹುಳಿ ಬಂದು ಅದರದ್ದೇ ಗ್ಯಾಸೂ ಸೇರಿರ್ಬೋದು, ಮೂಸಿ ನೋಡಿ. ಘಾಟಿ ಹತ್ತೋ ಮುಂಚೆ ಒಂದ್ಸಲ, ಮಧ್ಯೆ ಟೀಗೆ ನಿಲ್ಲಿಸಿದಾಗ ಒಂದ್ಸಲ ಮುಚ್ಚಳ ತೆಗೆದು ಮತ್ತೆ ಹಾಕಿ, ಡಬ್ಬೀನ ಮುಕ್ಕಾಲು ಮಾತ್ರ ತುಂಬಿ, ಬಟ್ಟೆ ಬ್ಯಾಗಿನ ಪಕ್ಕ ಇಡೋದು ಬಿಟ್ಟು ಸಿಂಕಿನೊಳಗೆ ನಿಲ್ಲಿಸಿ. ಗಾಡಿ ಓಡೋವಾಗ ಸಿಂಕು ಹೇಗಿದ್ರೂ ಖಾಲಿ ತಾನೆ?