ಕಂಪ್ಯೂಟರ್ ಹಾಕಿದಾಗಲೆಲ್ಲ ಗಡಿಯಾರ ತಪ್ಪುತ್ತಿದ್ದರೆ, ಎಷ್ಟು ತಪ್ಪಿದೆ ಎಂಬುದನ್ನು ಮೊದಲು ನೋಡಿ

ನಿಮ್ಮ ಪ್ರಶ್ನೆಯಲ್ಲಿ ಎರಡು ಯಂತ್ರಗಳಿವೆ. ಅಂಗಡಿಯ ಡೆಸ್ಕ್‌ಟಾಪನ್ನು ಬೆಳಿಗ್ಗೆ ಹಾಕಿದಾಗ ಅದು 2009ರ ಜನವರಿ 1 ಎಂದು ತೋರಿಸುತ್ತದೆ, ಬ್ರೌಸರ್ ಯಾವ ಜಾಲತಾಣವನ್ನೂ ತೆರೆಯದೆ ಸುರಕ್ಷತೆಯ ಎಚ್ಚರಿಕೆ ಕೊಡುತ್ತದೆ, ಕೈಯಿಂದ ದಿನಾಂಕ ತಿದ್ದಿದರೆ ಸಂಜೆಯವರೆಗೆ ಸರಿಯಾಗಿದ್ದು ಮರುದಿನ ಮತ್ತೆ ಅದೇ ಕಥೆ. ಮನೆಯ ಲ್ಯಾಪ್‌ಟಾಪಿನಲ್ಲಾದರೋ ವಿಂಡೋಸ್ ಜೊತೆಗೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನೂ ಹಾಕಿಸಿದಂದಿನಿಂದ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಎರಡರಲ್ಲೂ ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಆಯ್ಕೆ ಆನ್ ಇದೆ, ಇಂಟರ್ನೆಟ್ಟೂ ಇದೆ, ಹಾಗಿದ್ದರೂ ಏಕೆ ಸರಿಹೋಗುವುದಿಲ್ಲ, ಎರಡಕ್ಕೂ ಕಾರಣ ಒಂದೆಯೇ ಎಂದು ಕೇಳಿದ್ದೀರಿ. ಒಂದೇ ಅಲ್ಲ. ಮೊದಲನೆಯದು ಮದರ್‌ಬೋರ್ಡಿನ (ಒಳಗಿನ ಮುಖ್ಯ ಫಲಕದ) ಸೆಲ್ಲಿನ ತೊಂದರೆ; ಎರಡನೆಯದರಲ್ಲಿ ಕೆಟ್ಟಿರುವ ವಸ್ತುವೇ ಇಲ್ಲ, ಎರಡು ವ್ಯವಸ್ಥೆಗಳು ಒಂದೇ ಗಡಿಯಾರವನ್ನು ಎರಡು ರೀತಿ ಓದುತ್ತಿವೆ.

ಒಂದು ಊರಿನ ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ನೋಡಿಕೊಳ್ಳುವ ಕೆಲಸ ನನ್ನದು. ಇದೇ ದೂರನ್ನು ವರ್ಷಕ್ಕೆ ಹತ್ತು ಬಾರಿಯಾದರೂ ಕೇಳುತ್ತೇನೆ. ಅನುಭವದಿಂದ ಕಲಿತದ್ದು ಇಷ್ಟು: ‘ಗಡಿಯಾರ ತಪ್ಪಾಗಿದೆ’ ಎಂದವರನ್ನು ಎಷ್ಟು ತಪ್ಪಾಗಿದೆ ಎಂದು ಮರುಪ್ರಶ್ನಿಸಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ವರ್ಷಗಳಷ್ಟು ಹಿಂದೆ ಹೋಗಿದ್ದರೆ ಸೆಲ್ ಸತ್ತಿದೆ. ಸರಿಯಾಗಿ ಐದೂವರೆ ಗಂಟೆಯಾದರೆ ಎರಡು ವ್ಯವಸ್ಥೆಗಳ ಜಗಳ. ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ದರೆ, ವಿಂಡೋಸನ್ನು ಹೊಸದಾಗಿ ಹಾಕಿದವರು ಅಮೆರಿಕದ ಪಶ್ಚಿಮ ಕರಾವಳಿಯ ಕಾಲವಲಯವನ್ನು ಹಾಗೆಯೇ ಬಿಟ್ಟಿದ್ದಾರೆ. ದಿನಕ್ಕೆ ಕೆಲವು ಸೆಕೆಂಡುಗಳ ವ್ಯತ್ಯಾಸವಾದರೆ ಅದು ಗಡಿಯಾರವನ್ನು ನಡೆಸುವ ಸ್ಫಟಿಕದ ಸಹಜ ಗುಣ.

ಮೊದಲು ಒಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಗಡಿಯಾರಗಳು ಎರಡು. ಒಂದು ಮದರ್‌ಬೋರ್ಡಿನ ಮೇಲಿರುವ, ಯಂತ್ರ ಆರಿದ್ದಾಗಲೂ ನಡೆಯುವ ಗಡಿಯಾರ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಪುಟ್ಟ ಕ್ವಾರ್ಟ್ಜ್ ಸ್ಫಟಿಕದಿಂದ ಅದು ನಡೆಯುತ್ತದೆ. ಎರಡನ್ನು ಹದಿನೈದು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು, ಹಾಗಾಗಿ ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಒಂದು ಸೆಕೆಂಡಿನ ಮಿಡಿತ ಕೈಗೆ ಸಿಗುತ್ತದೆ. ಇನ್ನೊಂದು, ವಿಂಡೋಸ್ ಅಥವಾ ಲಿನಕ್ಸ್ ತನ್ನೊಳಗೆ ತಾನೇ ಎಣಿಸಿಕೊಳ್ಳುವ ಗಡಿಯಾರ. ಯಂತ್ರ ಹೊತ್ತಿಕೊಳ್ಳುವಾಗ ಎರಡನೆಯದು ಮೊದಲನೆಯದನ್ನು ಒಮ್ಮೆ ಕೇಳಿ ಹೊರಡುತ್ತದೆ, ಆಮೇಲೆ ಇಂಟರ್ನೆಟ್ ಸಿಕ್ಕಾಗ ಎನ್‌ಟಿಪಿ ಎಂಬ ಪದ್ಧತಿಯ ಮೂಲಕ ಯಾವುದಾದರೂ ಸರ್ವರನ್ನು ಕೇಳಿ ತಿದ್ದಿಕೊಳ್ಳುತ್ತದೆ. 1981ರ ಮೊದಲ ಐಬಿಎಂ ಪಿಸಿಯಲ್ಲಿ ಆರಿದ ಮೇಲೂ ನಡೆಯುವ ಗಡಿಯಾರವೇ ಇರಲಿಲ್ಲ. ಹಾಕಿದಾಗಲೆಲ್ಲ ಆಗಿನ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್ ಇವತ್ತು ಯಾವ ತಾರೀಖು, ಈಗ ಗಂಟೆ ಎಷ್ಟು ಎಂದು ಕುಳಿತವರನ್ನೇ ಕೇಳುತ್ತಿತ್ತು. ಸೆಲ್ ಸತ್ತ ನಿಮ್ಮ ಅಂಗಡಿಯ ಯಂತ್ರಕ್ಕೆ ಈಗ ಅದೇ ಸ್ಥಿತಿ ಬಂದಿದೆ, ಆದರೆ ಅದು ಕೇಳುವುದಿಲ್ಲ, ಬಯೋಸಿನಲ್ಲಿ, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದಲ್ಲಿ, ಮೊದಲೇ ಬರೆದಿಟ್ಟ ಒಂದು ದಿನಾಂಕವನ್ನು ಹಿಡಿದುಕೊಂಡು ಹೊರಟುಬಿಡುತ್ತದೆ.

ಡೆಸ್ಕ್‌ಟಾಪಿನಿಂದ ಆರಂಭಿಸೋಣ. ಮದರ್‌ಬೋರ್ಡಿನ ಗಡಿಯಾರಕ್ಕೆ ಜೀವ ಕೊಡುವುದು ಸಿಆರ್ 2032 ಎಂಬ, 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಬಿಲ್ಲೆ ಸೆಲ್. ಆದರೆ ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ, ಯಂತ್ರವನ್ನು ಶಟ್‌ಡೌನ್ ಮಾಡಿದ ಮೇಲೂ ಎಸ್‌ಎಂಪಿಎಸ್ (ಒಳಗಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆ) ಒಂದಿಷ್ಟು ವಿದ್ಯುತ್ತನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ, ಗಡಿಯಾರ ಅದನ್ನೇ ಬಳಸುತ್ತದೆ, ಸೆಲ್ ಹೆಚ್ಚುಕಡಿಮೆ ವಿಶ್ರಾಂತಿಯಲ್ಲಿರುತ್ತದೆ. ನಮ್ಮ ಕಡೆ ಅಂಗಡಿ, ಶಾಲೆ, ಕಚೇರಿಗಳಲ್ಲಿ ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸಿ ಹೋಗುವುದು ರೂಢಿ. ಬೆಂಕಿಯ ಭಯವಿರುವಾಗ ಅದು ತಪ್ಪೇನೂ ಅಲ್ಲ. ಆದರೆ ಹಾಗೆ ಮಾಡಿದಲ್ಲಿ ರಾತ್ರಿಯಿಡೀ ಗಡಿಯಾರದ ಹೊರೆ ಸೆಲ್ಲಿನ ಮೇಲೆಯೇ ಬೀಳುತ್ತದೆ ಮತ್ತು ಅದು ಬೇಗ ಸವೆಯುತ್ತದೆ. ನಮ್ಮ ಲ್ಯಾಬಿನಲ್ಲಿ ಒಂದೇ ಕಾಲದಲ್ಲಿ ಬಂದ ಯಂತ್ರಗಳ ಸೆಲ್ಲುಗಳು ಒಂದರ ಹಿಂದೊಂದು ಕೈಕೊಟ್ಟಾಗ, ನಾನು ಅದನ್ನು ವೈರಸ್ಸೆಂದು ತಿಳಿದು ಒಂದು ಯಂತ್ರವನ್ನು ಎರಡು ಬಾರಿ ಫಾರ್ಮ್ಯಾಟ್ ಮಾಡಿದ್ದೆ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಯಾವ ಉಪಕರಣವೂ ಇಲ್ಲದೆ ಇದನ್ನು ಪರೀಕ್ಷಿಸಬಹುದು. ಇಂದು ಸಂಜೆ ದಿನಾಂಕವನ್ನು ಸರಿಯಾಗಿ ಹೊಂದಿಸಿ, ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ಚನ್ನು ಮಾತ್ರ ಆರಿಸದೆ ಬಿಡಿ. ನಾಳೆ ಬೆಳಿಗ್ಗೆ ಹಾಕಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತ ಬಯೋಸಿನೊಳಗೆ ಹೋಗಿ ಅಲ್ಲಿಯ ದಿನಾಂಕ ನೋಡಿ. ಅದು ಸರಿಯಿದ್ದು, ಮಾರನೆಯ ರಾತ್ರಿ ಸ್ವಿಚ್ ಆರಿಸಿದ ಮೇಲೆ ಮಾತ್ರ ತಪ್ಪಿದರೆ, ಸೆಲ್ ಸತ್ತಿದೆ ಎನ್ನಲು ಬೇರೆ ಸಾಕ್ಷಿ ಬೇಡ. ವಿಂಡೋಸಿನೊಳಗಲ್ಲದೆ ಬಯೋಸಿನಲ್ಲಿಯೇ ನೋಡಬೇಕು ಎನ್ನುವುದಕ್ಕೆ ಕಾರಣವಿದೆ: ಅಲ್ಲಿ ಇನ್ನೂ ಇಂಟರ್ನೆಟ್ ಆಗಲಿ ಕಾಲವಲಯವಾಗಲಿ ನಡುವೆ ಬಂದಿರುವುದಿಲ್ಲ. ಯಂತ್ರ ಹೊತ್ತುವಾಗ ಕಪ್ಪು ಪರದೆಯ ಮೇಲೆ ಸಿಮಾಸ್ (ಸೆಲ್ಲಿನ ಬಲದಿಂದ ಬಯೋಸಿನ ಹೊಂದಿಕೆಗಳನ್ನು ಉಳಿಸಿಕೊಳ್ಳುವ ನೆನಪು) ಚೆಕ್‌ಸಮ್ ತಪ್ಪಾಗಿದೆ, ಮುಂದುವರಿಯಲು ಎಫ್1 ಒತ್ತಿ ಎಂಬರ್ಥದ ಸಂದೇಶ ಬರುತ್ತಿದ್ದರೆ ಈ ಪರೀಕ್ಷೆಯೂ ಬೇಕಿಲ್ಲ.

ಹಾಗಾದರೆ ಇಂಟರ್ನೆಟ್ ಇದ್ದರೂ ವಿಂಡೋಸ್ ತಾನಾಗಿ ಏಕೆ ತಿದ್ದಿಕೊಳ್ಳುವುದಿಲ್ಲ? ಈ ಪ್ರಶ್ನೆಗೆ ಉತ್ತರ ಸಿಗದೆ ನಾನೂ ಬಹಳ ದಿನ ಒದ್ದಾಡಿದ್ದೇನೆ. ಯಾವ ಡೊಮೇನಿಗೂ, ಅಂದರೆ ಸಂಸ್ಥೆಯೊಂದು ಒಂದೇ ಕಡೆಯಿಂದ ನಿಯಂತ್ರಿಸುವ ಜಾಲಕ್ಕೂ, ಸೇರದ ಮನೆ ಅಥವಾ ಅಂಗಡಿಯ ಯಂತ್ರದಲ್ಲಿ, ವಿಂಡೋಸ್ ಟೈಮ್ ಸೇವೆಯು 54,000 ಸೆಕೆಂಡುಗಳಿಗಿಂತ, ಅಂದರೆ ಹದಿನೈದು ಗಂಟೆಗಳಿಗಿಂತ ಹೆಚ್ಚಿನ ತಿದ್ದುಪಡಿಯನ್ನು ಒಪ್ಪಿಕೊಳ್ಳುವುದಿಲ್ಲ. ಸರ್ವರ್ ಕೊಡುವ ಸಮಯಕ್ಕೂ ತನ್ನ ಸಮಯಕ್ಕೂ ಅಷ್ಟೊಂದು ಅಂತರವಿದ್ದರೆ ಸರ್ವರೇ ಮೋಸ ಮಾಡುತ್ತಿರಬಹುದು ಎಂಬ ಎಚ್ಚರಿಕೆ ಅದು. ಒಂದೆರಡು ಗಂಟೆ ತಪ್ಪಿದ್ದರೆ ಸದ್ದಿಲ್ಲದೆ ಸರಿಹೋಗುವ ಗಡಿಯಾರ, ಹದಿನೈದು ವರ್ಷ ತಪ್ಪಿದಾಗ ಹಾಗೆಯೇ ಉಳಿಯುವುದು ಇದರಿಂದ. ಕೈಯಿಂದಲೇ ಸಮಯ ಕೇಳುವ ಆದೇಶ ಕೊಟ್ಟರೆ, ಬೇಕಾಗಿರುವ ಬದಲಾವಣೆ ತೀರಾ ದೊಡ್ಡದು, ಆದ್ದರಿಂದ ಹೊಂದಿಸಲಿಲ್ಲ ಎಂಬ ಉತ್ತರವೇ ಬರುತ್ತದೆ. ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಈ ಮಿತಿಯನ್ನು ಕಿತ್ತುಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಸೆಲ್ ಬದಲಿಸುವುದನ್ನು ಬಿಟ್ಟು ಕಾವಲುಗಾರನನ್ನು ಮನೆಗೆ ಕಳಿಸುವ ಆ ಉಪಾಯ ನನಗೆ ಒಪ್ಪಿಗೆಯಾಗುವುದಿಲ್ಲ.

ಲಿನಕ್ಸಿನಲ್ಲೂ ಇಂಥ ಸಂಶಯ ಇಲ್ಲದಿಲ್ಲ. ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ರೂಪಿಸಿದ ಎನ್‌ಟಿಪಿಯ ಮೂಲ ತಂತ್ರಾಂಶ, ಅಂತರ 1,000 ಸೆಕೆಂಡು ಮೀರಿದರೆ ತಿದ್ದುವ ಬದಲು ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಆರಂಭದಲ್ಲಿ ಒಂದು ಬಾರಿ ಮಾತ್ರ ಎಷ್ಟು ದೊಡ್ಡ ಜಿಗಿತವನ್ನಾದರೂ ಒಪ್ಪಿಕೋ ಎಂದು ಹೇಳಲು ಅದರಲ್ಲಿ ಬೇರೆ ಸೂಚನೆ ಇದೆ.

ಬ್ರೌಸರಿನ ಎಚ್ಚರಿಕೆಗೂ ಇದಕ್ಕೂ ನೇರ ಸಂಬಂಧವಿದೆ. ಸುರಕ್ಷಿತ ತಾಣಗಳು ಕೊಡುವ ಪ್ರಮಾಣಪತ್ರಗಳಿಗೆ ಯಾವತ್ತಿನಿಂದ ಯಾವತ್ತಿನವರೆಗೆ ಎಂಬ ಅವಧಿ ಇರುತ್ತದೆ, 2009ರಲ್ಲಿ ಕುಳಿತ ಯಂತ್ರದ ಪಾಲಿಗೆ ಅವೆಲ್ಲ ಇನ್ನೂ ಹುಟ್ಟಿಯೇ ಇಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಕಾಲವಲಯ ಮಾತ್ರ ತಪ್ಪಾಗಿದ್ದರೆ ಮೂಲೆಯ ಗಡಿಯಾರ ಎಷ್ಟೇ ವಿಚಿತ್ರವಾಗಿ ಕಂಡರೂ ತಾಣಗಳು ತೆರೆಯುತ್ತವೆ, ಏಕೆಂದರೆ ಪ್ರಮಾಣಪತ್ರಗಳನ್ನು ಪರಿಶೀಲಿಸುವುದು ಒಳಗಿನ ಜಾಗತಿಕ ಸಮಯದಿಂದ (ಕಾಲವಲಯ ಸೇರಿಸುವ ಮೊದಲಿನ, ಎಲ್ಲ ದೇಶಗಳಿಗೂ ಒಂದೇ ಆದ ಸಮಯ), ಅದು ಆಗಲೂ ಸರಿಯಾಗಿಯೇ ಇರುತ್ತದೆ. ಹಾಗಾಗಿ ಗಡಿಯಾರ ತಪ್ಪು, ಆದರೆ ತಾಣಗಳು ಸರಿ ಎಂದಾದರೆ ಮೊದಲು ಕಾಲವಲಯವನ್ನು ಸಂಶಯಿಸಿ.

ಸೆಲ್ ಬದಲಿಸುವ ಕೆಲಸ ಐದು ನಿಮಿಷದ್ದು, ಖರ್ಚು ನೂರು ರೂಪಾಯಿಯ ಒಳಗೆ. ಆದರೆ ತೆಗೆಯುವ ಮೊದಲು ಎರಡು ಕೆಲಸ ಮಾಡಿ. ಒಂದು, ಬಯೋಸಿನ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸೆಲ್ ತೆಗೆದಾಗ ಹಾರ್ಡ್ ಡಿಸ್ಕಿನ ಸಾಟಾ ವಿಧಾನ (ಬೋರ್ಡು ಡಿಸ್ಕಿನೊಡನೆ ವ್ಯವಹರಿಸುವ ರೀತಿ) ಮೂಲ ಸ್ಥಿತಿಗೆ ಮರಳಿ ವಿಂಡೋಸ್ ಹೊತ್ತಿಕೊಳ್ಳದೇ ಹೋಗುವುದುಂಟು, ಆಗ ಆ ಫೋಟೊ ನೋಡಿ ಹಿಂದಿನಂತೆ ಇಡಬಹುದು. ಎರಡು, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಬಯೋಸ್ ಬದಲಾದದ್ದನ್ನು ಕಂಡು ಅದು ಕೀ ಕೇಳುವ ಸಾಧ್ಯತೆಯಿದೆ. ಆಮೇಲೆ ವಿದ್ಯುತ್ ತಂತಿಯನ್ನು ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ, ಹಳೆಯ ಸೆಲ್ಲಿನ ಪಕ್ಕದ ಕೊಕ್ಕೆಯನ್ನು ಮೆಲ್ಲನೆ ಸರಿಸಿದರೆ ಅದು ಎದ್ದು ಬರುತ್ತದೆ. ಹೊಸದನ್ನು ಪ್ಲಸ್ ಗುರುತು ಹಳೆಯದರಲ್ಲಿ ಯಾವ ಕಡೆಗಿತ್ತೋ ಆ ಕಡೆಗೇ ಬರುವಂತೆ ಕೂರಿಸಿ. ಹೊಸ ಸೆಲ್ಲನ್ನು ಅಂಗಡಿಯಲ್ಲೇ ಮಲ್ಟಿಮೀಟರಿನಿಂದ ನೋಡಿಸಿಕೊಳ್ಳುವುದು ಒಳ್ಳೆಯದು. 3 ವೋಲ್ಟಿಗಿಂತ ತುಸು ಮೇಲೆ ಇರಬೇಕು. ಒಮ್ಮೆ ನನಗೆ ವರ್ಷಗಟ್ಟಲೆ ಡಬ್ಬದಲ್ಲಿ ಕುಳಿತಿದ್ದ ಸೆಲ್ ಕೊಟ್ಟಿದ್ದರು, ತಿಂಗಳೊಪ್ಪತ್ತಿನಲ್ಲಿ ಅದೇ ದೂರು ಮರಳಿ ಬಂತು. ತೆಗೆದ ಹಳೆಯ ಸೆಲ್ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ನುಂಗಿದರೆ ಅದು ಅನ್ನನಾಳವನ್ನು ಸುಡುತ್ತದೆ.

ಸೆಲ್ ಹಾಕಿದ ಮೇಲೆ ಬಯೋಸಿನಲ್ಲಿ ದಿನಾಂಕ ಸರಿಪಡಿಸಿ, ವಿಂಡೋಸಿಗೆ ಬಂದು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅಲ್ಲಿ ಡಬ್ಲ್ಯು32ಟಿಎಂ ಎಂದು ಬರೆದು, ಜಾಗ ಬಿಟ್ಟು, ಬಲಕ್ಕೆ ವಾಲಿದ ಓರೆಗೆರೆಯೊಂದಿಗೆ (/) ಕ್ವೆರಿ, ಮತ್ತೆ ಜಾಗ ಬಿಟ್ಟು ಓರೆಗೆರೆಯೊಂದಿಗೆ ಸ್ಟೇಟಸ್ ಎಂದು ಕೊಡಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಬರುವ ಉತ್ತರದಲ್ಲಿ ಸೋರ್ಸ್ ಎಂಬ ಸಾಲು ಮುಖ್ಯ. ಅಲ್ಲಿ ಯಾವುದಾದರೂ ಸರ್ವರಿನ ಹೆಸರಿದ್ದರೆ ಸಮಯ ಹೊರಗಿನಿಂದ ಬರುತ್ತಿದೆ. ಲೋಕಲ್ ಸಿಮಾಸ್ ಕ್ಲಾಕ್ ಎಂದಿದ್ದರೆ ಯಂತ್ರ ತನ್ನ ಗಡಿಯಾರವನ್ನೇ ನಂಬಿ ಕುಳಿತಿದೆ. ಸೇವೆಯೇ ಆರಂಭವಾಗಿಲ್ಲ ಎಂಬ ಉತ್ತರ ಬಂದರೂ ಆಶ್ಚರ್ಯವಿಲ್ಲ, ಏಕೆಂದರೆ ಡೊಮೇನಿಗೆ ಸೇರದ ಯಂತ್ರದಲ್ಲಿ ಅದು ಹೊತ್ತಿದ ಕೂಡಲೇ ಓಡುವಂತೆ ಇಟ್ಟಿರುವುದಿಲ್ಲ, ಬೇಕಾದಾಗ ಮಾತ್ರ ಏಳುತ್ತದೆ. ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಟೈಮ್ ಎಂಬುದನ್ನು ಹುಡುಕಿ ಅದರ ಆರಂಭದ ವಿಧಾನವನ್ನು ಆಟೊಮ್ಯಾಟಿಕ್, ಡಿಲೇಡ್ ಸ್ಟಾರ್ಟ್ ಎಂದು ಬದಲಿಸಿ. ತಡವಾಗಿ ಆರಂಭಿಸುವುದೇ ಲೇಸು, ವೈಫೈ ಏಳುವ ಮೊದಲೇ ಕೇಳಿದರೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ.

ಇನ್ನು ಲ್ಯಾಪ್‌ಟಾಪು. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆಯೆಂದು ನಂಬುತ್ತದೆ, ಡಾಸ್ ಕಾಲದ ರೂಢಿ ಅದು. ಉಬುಂಟು ಅಲ್ಲಿ ಜಾಗತಿಕ ಸಮಯ ಇದೆಯೆಂದು ನಂಬುತ್ತದೆ, ಅದನ್ನೇ ಬರೆದೂ ಇಡುತ್ತದೆ. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದು. ಉಬುಂಟು ಬರೆದದ್ದನ್ನು ವಿಂಡೋಸ್ ಸ್ಥಳೀಯವೆಂದು ಓದಿದಾಗ ಅಷ್ಟೇ ಹಿಂದೆ ಬೀಳುತ್ತದೆ. ಬಯೋಸಿನಲ್ಲೂ ಐದೂವರೆ ಗಂಟೆ ಹಿಂದೆ ಕಂಡರೆ ಹೆದರಬೇಡಿ, ಸೆಲ್ ಸರಿಯಾಗಿಯೇ ಇದೆ. ಈ ಅಂತರ ಹದಿನೈದು ಗಂಟೆಯ ಒಳಗಿರುವುದರಿಂದ ವಿಂಡೋಸ್ ಯಾವಾಗಲೋ ಒಮ್ಮೆ ತಿದ್ದಿಕೊಳ್ಳುತ್ತದೆ, ಮತ್ತೆ ಉಬುಂಟಿಗೆ ಹೋಗಿ ಬಂದರೆ ಪುನಃ ಅದೇ. ದೂರು ಕೆಲವು ದಿನ ಇದ್ದು ಕೆಲವು ದಿನ ಇಲ್ಲದಂತೆ ತೋರುವುದು ಹೀಗೆ.

ಪರಿಹಾರ ಯಾವುದಾದರೂ ಒಂದು ಕಡೆಯಲ್ಲಿ ಮಾತ್ರ. ಎರಡೂ ಕಡೆ ತಿದ್ದಿದರೆ ಜಗಳ ತಿರುಗಿ ಶುರುವಾಗುತ್ತದೆ. ಲಿನಕ್ಸ್ ಬಲ್ಲವರು ಸಾಮಾನ್ಯವಾಗಿ ವಿಂಡೋಸನ್ನೇ ಜಾಗತಿಕ ಸಮಯಕ್ಕೆ ತನ್ನಿ ಎನ್ನುತ್ತಾರೆ. ಅದಕ್ಕೆ ರಿಜಿಸ್ಟ್ರಿಯ ಟೈಮ್‌ಝೋನ್ ಇನ್ಫರ್ಮೇಷನ್ ಕೀಲಿಯೊಳಗೆ ರಿಯಲ್ ಟೈಮ್ ಈಸ್ ಯೂನಿವರ್ಸಲ್ ಎಂದು, ಪದಗಳ ನಡುವೆ ಜಾಗ ಬಿಡದೆ, ಒಂದು ಡಿವರ್ಡ್ ನಮೂದು ಸೇರಿಸಿ ಅದರ ಬೆಲೆಯನ್ನು 1 ಮಾಡಬೇಕು. ನನ್ನ ಸಲಹೆ ಬೇರೆ. ಸ್ಥಳೀಯ ಸಮಯವನ್ನು ಗಡಿಯಾರದಲ್ಲಿ ಇಡಬಾರದು ಎನ್ನುವುದಕ್ಕೆ ಮುಖ್ಯ ಕಾರಣ, ವರ್ಷಕ್ಕೆ ಎರಡು ಬಾರಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಆಗುವ ಗೊಂದಲ. ಭಾರತದಲ್ಲಿ ಆ ಪದ್ಧತಿಯೇ ಇಲ್ಲದ ಕಾರಣ, ರಿಜಿಸ್ಟ್ರಿ ಮುಟ್ಟಲು ಹಿಂಜರಿಯುವವರು ಉಬುಂಟನ್ನೇ ಒಂದು ಸಾಲಿನಲ್ಲಿ ಒಪ್ಪಿಸಿಬಿಡಬಹುದು. ಮೊದಲು ಟರ್ಮಿನಲ್ಲಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂದು ಕೊಟ್ಟು, ಸಿಸ್ಟಮ್ ಗಡಿಯಾರ ಹೊಂದಿಕೊಂಡಿದೆ ಎಂಬ ಸಾಲಿನ ಮುಂದೆ ಯೆಸ್ ಇದೆಯೇ ನೋಡಿ. ಇದ್ದರೆ ಅದೇ ಆದೇಶದ ಮುಂದೆ ಜಾಗ ಬಿಟ್ಟು ಸೆಟ್, ಲೋಕಲ್, ಆರ್‌ಟಿಸಿ ಎಂಬ ಮೂರು ಪದಗಳನ್ನು ನಡುವೆ ಅಡ್ಡಗೆರೆ ಹಾಕಿ ಸೇರಿಸಿ, ಜಾಗ ಬಿಟ್ಟು 1 ಎಂದು ಕೊಡಿ. ಮುಂದೆ ಆ ಆದೇಶ ಕೊಟ್ಟಾಗಲೆಲ್ಲ ಉಬುಂಟು ಒಂದು ಎಚ್ಚರಿಕೆ ತೋರಿಸುತ್ತದೆ, ಅದನ್ನು ಓದಿ ಸುಮ್ಮನಿರಬಹುದು. ಬೇಡವೆನಿಸಿದ ದಿನ 1ರ ಜಾಗದಲ್ಲಿ 0 ಕೊಟ್ಟರೆ ಮೊದಲಿನಂತಾಗುತ್ತದೆ.

ಇಷ್ಟಾದ ಮೇಲೂ ಅಂಗಡಿಯ ಯಂತ್ರ ಸೋರ್ಸ್ ಸಾಲಿನಲ್ಲಿ ಸಿಮಾಸ್ ಎಂದೇ ತೋರಿಸಿದರೆ ಜಾಲದ ಕಡೆ ನೋಡಬೇಕು. ಎನ್‌ಟಿಪಿ ಬಳಸುವುದು ಯುಡಿಪಿ 123ನೆಯ ಪೋರ್ಟನ್ನು, ಬ್ರೌಸರಿನ ದಾರಿಯೇ ಬೇರೆ. ಆದ್ದರಿಂದ ಯೂಟ್ಯೂಬ್ ಓಡುತ್ತದೆ ಎಂಬುದು ಸಮಯ ಬರುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ, ಸೆಟ್ಟಿಂಗ್ಸಿನ ದಿನಾಂಕದ ಪುಟದಲ್ಲಿರುವ ಸಿಂಕ್ ನೌ ಗುಂಡಿ ಒತ್ತಿ ನೋಡಿ. ಅಲ್ಲಿ ಆಗಿ ಅಂಗಡಿಯ ರೂಟರಿನಲ್ಲಿ ಆಗದಿದ್ದರೆ ತಡೆ ರೂಟರಿನಲ್ಲಿದೆ, ಇಲ್ಲವೇ ಸಂಪರ್ಕ ಕೊಟ್ಟವರ ಕಡೆಯಲ್ಲಿದೆ. ಸರ್ವರನ್ನೇ ಬದಲಿಸಬೇಕೆಂದಿದ್ದರೆ, ಭಾರತೀಯ ಪ್ರಮಾಣ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯುವ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಓಆರ್‌ಜಿ ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಹೊಂದಿಸಿಕೊಳ್ಳಬೇಕೆಂದು ಹೇಳಿರುವ ಮೂಲಗಳಲ್ಲಿ ಅದೂ ಒಂದು.

ಈ ನಡುವೆ 2009ರ ದಿನಾಂಕ ಹೊತ್ತು ಅಚ್ಚಾದ ಬಿಲ್ಲುಗಳಿದ್ದರೆ, ಸೆಲ್ ತರಲು ಹೋಗುವ ಮೊದಲೇ ಅವುಗಳನ್ನು ಬೇರೆ ತೆಗೆದಿಟ್ಟು ನಿಮ್ಮ ಲೆಕ್ಕ ನೋಡುವವರಿಗೆ ತಿಳಿಸಿ. ಗಡಿಯಾರ ಸರಿಹೋದ ಮಾತ್ರಕ್ಕೆ ಹಿಂದೆ ಬರೆದ ದಿನಾಂಕಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ.